ಹಳೇ ಭಾವಿಗೆ ಸ್ಲ್ಯಾಬ್ ಹಾಕೋ ಮೊದಲು ಒಂದ್ಸಲ ಇದನ್ನ ಕೇಳಿ

ಈ ಸಲದ ಸಂಚಿಕೆ ಒಂದು ಭಾವಿ ಬಗ್ಗೆ. ಬಸ್ಸಲ್ಲಿ ಕೂತು, ಇಯರ್‌ಫೋನ್ ಹಾಕ್ಕೊಂಡು ಭಾವಿ ಕಥೆ ಯಾಕೆ ಕೇಳಬೇಕು ಅಂತ ನಿಮಗೆ ಅನಿಸಬಹುದು. ಆದರೆ ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತೆ. ಗುಡಿ ಹಿಂದೆ, ಶಾಲೆ ಪಕ್ಕ, ಇಲ್ಲಾ ಬಸ್‌ಸ್ಟ್ಯಾಂಡ್ ಹತ್ತಿರ. ಮುಳ್ಳು ಬೆಳೆದಿರುತ್ತೆ, ಒಳಗೆ ಪ್ಲಾಸ್ಟಿಕ್ ತೇಲ್ತಿರುತ್ತೆ. ಒಂದು ದಿನ ಯಾರೋ ಅಂತಾರೆ: "ಇದನ್ನ ಮುಚ್ಚಿಬಿಡೋಣು."

ನಮ್ಮೂರಲ್ಲಿ ಆ ದಿನ ಬಂದಿದೆ.

ನಮ್ಮೂರು ಅರಭಾವಿಯಿಂದ ಸ್ವಲ್ಪೇ ದೂರ. ಅರಭಾವಿ ಅನ್ನೋ ಹೆಸರಲ್ಲೇ ಭಾವಿ ಕೇಳಿಸುತ್ತೆ, ನೋಡಿ. ನಮ್ಮ ಹಣಮಪ್ಪನ ಗುಡಿ ಹಿಂದೆ ಚೌಕಾಕಾರದ ಒಂದು ಕಲ್ಲಿನ ಭಾವಿ ಇದೆ. ಒಂದು ಕಡೆ ಇಳಿಯೋಕೆ ಮೆಟ್ಟಿಲು. ನಾನು ಸಣ್ಣವನಿದ್ದಾಗ ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಈಜು ಕಲಿತದ್ದು ಅದರಲ್ಲೇ. ಈಗ ಯಾರೂ ಅದರ ನೀರು ಎತ್ತೋದಿಲ್ಲ. ಹೋದ ಗ್ರಾಮಸಭೆಯಲ್ಲಿ ಒಂದು ಮಾತು ಬಂತು: ಭಾವಿ ಮೇಲೆ ಸ್ಲ್ಯಾಬ್ ಹಾಕೋಣ, ಮೇಲೆ ನಾಲ್ಕು ಅಂಗಡಿ ಕಟ್ಟೋಣ, ಬಾಡಿಗೆ ಪಂಚಾಯ್ತಿಗೆ ಬರುತ್ತೆ. ನಾನು ಎದ್ದು ನಿಂತು "ಬ್ಯಾಡ್ರಿ" ಅಂದೆ. ನಮ್ಮ ಕಾಕಾ ತಿರುಗಿ ಕೇಳಿದರು: "ಯಾಕ ಬ್ಯಾಡ? ಹಾವು, ಸೊಳ್ಳಿ ಬಿಟ್ರ ಏನೈತಿ ಅದರಾಗ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನೆ ಕೂತೆ. ಮುಂದಿನ ಗ್ರಾಮಸಭೆಯಲ್ಲಿ ತೀರ್ಮಾನ ಆಗುತ್ತೆ. ಅಷ್ಟರೊಳಗೆ ನಾನು ಮಾಡಿಕೊಂಡ ಹೋಮ್‌ವರ್ಕೇ ಈ ಸಂಚಿಕೆ.

ಭಾವಿ ಯಾಕೆ ಕೆಲಸ ಕಳ್ಕೊಂಡಿತು?

ಮೊದಲನೇ ಪ್ರಶ್ನೆ ಇದು. ಜನ ಸೋಮಾರಿ ಆದರು ಅಂತ ಹೇಳೋದು ಸುಲಭ. ಆದರೆ ಅದು ಸರಿಯಲ್ಲ.

ಘಟಪ್ರಭಾ ನದಿಗೆ ಧೂಪದಾಳದಲ್ಲಿ ಬ್ರಿಟಿಷರ ಕಾಲದಲ್ಲಿ, 1897ರಲ್ಲಿ, ಒಂದು ಒಡ್ಡು ಆಯ್ತು. ಅಲ್ಲಿಂದ ಎಡದಂಡೆ ಕಾಲುವೆ ಹೊರಟಿತು. ಆಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ದೊಡ್ಡ ಡ್ಯಾಮ್ ಬಂತು, ರಾಜಾ ಲಖಮಗೌಡ ಜಲಾಶಯ. ಸುಮಾರು 51 ಟಿಎಂಸಿ ನೀರು ಹಿಡಿಯುತ್ತೆ. ಕಾಲುವೆ ನೀರು ಹೊಲಕ್ಕೆ ಬಂತು, ಕಬ್ಬು ಬಂತು. ಆಮೇಲೆ ಬೋರ್‌ವೆಲ್, ಆಮೇಲೆ ಓಣಿ ಓಣಿಗೆ ನಳ. ತಲೆ ಮೇಲೆ ಕೊಡ ಹೊತ್ತು ಸಾಕಾಗಿದ್ದ ಹೆಣ್ಣುಮಕ್ಕಳಿಗೆ ಮನೆ ಬಾಗಿಲಲ್ಲೇ ನೀರು ಸಿಕ್ಕಿತು. ಯಾರು ಮತ್ತೆ ಗಡಗಡಿ ಎಳೀತಾರೆ? ನಮ್ಮವ್ವನಿಗೆ ನಾನು "ಭಾವಿ ಉಳಿಸೋಣ" ಅಂದಾಗ ಆಕೆ ಮೊದಲು ಹೇಳಿದ್ದು: "ಉಳಸು, ಆದರ ನನಗ ಮತ್ತ ಹಗ್ಗ ಹಿಡಿ ಅನ್ನಬ್ಯಾಡ."

ಹಾಗಾಗಿ ಹಳೇ ಕಾಲ ವಾಪಸ್ ತರೋ ಮಾತು ಇಲ್ಲ. ನಳ ಇರಲಿ. ಕೆಲಸ ಕಳ್ಕೊಂಡ ಭಾವಿಗೆ ಬೇರೆ ಏನು ಕೆಲಸ ಕೊಡಬಹುದು ಅನ್ನೋದಷ್ಟೇ ನಮ್ಮ ಪ್ರಶ್ನೆ.

ಒಳಗೆ ಏನಿದೆ ಅಂತ ಲೆಕ್ಕ ಹಾಕೋಣ

ನಾನು ಬಿಕಾಂ ಓದಿದವನು, ಎಂಜಿನಿಯರ್ ಅಲ್ಲ. ಆದರೆ ಗುಣಾಕಾರ ಬರುತ್ತೆ. ನಮ್ಮ ಭಾವಿ ಹೆಚ್ಚುಕಡಿಮೆ 20 ಅಡಿ ಉದ್ದ, 20 ಅಡಿ ಅಗಲ. ಅದರಲ್ಲಿ 10 ಅಡಿ ನೀರು ನಿಂತರೆ 4,000 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಅಂದ್ರೆ 1 ಲಕ್ಷ 12 ಸಾವಿರ ಲೀಟರ್. 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 22 ಟ್ಯಾಂಕರ್. ಇದು ಒಂದು ಸಲ ತುಂಬಿದ ಲೆಕ್ಕ. ಸೆಲೆ ಇದ್ದರೆ ಎತ್ತಿದ ಮೇಲೆ ಮತ್ತೆ ತುಂಬುತ್ತೆ.

ನೀರಲ್ಲದೆ ಜೀವ ಇದೆ. ಭಾವಿ ಮೇಲೆ ಬಾಗಿದ ಕೊಂಬೆಗೆ ಗೀಜಗ ಗೂಡು ಕಟ್ಟುತ್ತೆ. ಕೆಳಗೆ ನೀರಿದ್ದರೆ ಶತ್ರುಗಳು ಗೂಡಿನ ಹತ್ತಿರ ಬರೋದು ಕಷ್ಟ, ಅದಕ್ಕೇ ಆ ಜಾಗ. ಕಲ್ಲಿನ ಸಂದಿಯಲ್ಲಿ ಪಾರಿವಾಳ, ಮೆಟ್ಟಿಲ ಮೇಲೆ ಕಪ್ಪೆ, ನೀರ ಮೇಲೆ ಏರೋಪ್ಲೇನ್ ಚಿಟ್ಟಿ. ಕಾಕಾ ಹೇಳಿದ ಸೊಳ್ಳೆ ಸುಳ್ಳಲ್ಲ. ಕಸ ಬಿದ್ದು ನೀರು ಕೊಳೆತಾಗ ಸೊಳ್ಳೆ ಹೆಚ್ಚುತ್ತೆ. ಆದರೆ ಕಪ್ಪೆ, ಮೀನು, ಏರೋಪ್ಲೇನ್ ಚಿಟ್ಟಿಯ ಮರಿ, ಇವೆಲ್ಲ ಸೊಳ್ಳೆಯ ಮರಿಹುಳ ತಿಂದು ಬದುಕೋ ಜೀವಿಗಳು. ನೀರು ಬದುಕಿದ್ದರೆ ಇವೂ ಇರುತ್ತವೆ.

ಸ್ಲ್ಯಾಬ್ ಹಾಕಿದರೆ ಏನಾಗುತ್ತೆ?

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. 2023ರ ಮಾರ್ಚ್ 30, ರಾಮನವಮಿ. ಮಧ್ಯಪ್ರದೇಶದ ಇಂದೋರ್‌ನಲ್ಲಿ ಬೇಲೇಶ್ವರ ಮಹಾದೇವ ಮಂದಿರದಲ್ಲಿ ಪೂಜೆ ನಡೀತಿತ್ತು. ಜನ ಕೂತಿದ್ದ ನೆಲದ ಕೆಳಗೆ ಒಂದು ಹಳೇ ಮೆಟ್ಟಿಲು ಭಾವಿ ಇತ್ತು. ಅದರ ಮೇಲೆ ಸ್ಲ್ಯಾಬ್ ಹಾಕಿ ನೆಲ ಮಾಡಿದ್ದರು. ಭಾರ ತಡೀಲಿಲ್ಲ, ಸ್ಲ್ಯಾಬ್ ಕುಸಿಯಿತು. 36 ಜನ ಸತ್ತರು.

ಇದು ಹೆದರಿಸೋಕೆ ಹೇಳ್ತಿಲ್ಲ. ಒಳಗೆ ಏನಾಗುತ್ತೆ ಅಂದ್ರೆ, ಮುಚ್ಚಿದ ಭಾವಿಯಲ್ಲಿ ಯಾವಾಗಲೂ ಹಸಿ ಗಾಳಿ. ಕಾಂಕ್ರೀಟ್ ಒಳಗಿನ ಸರಳಿಗೆ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟ್ ಒಡೆಯುತ್ತೆ. ಸ್ಲ್ಯಾಬ್ ಕೂತಿರೋದು ಹಳೇ ಕಲ್ಲಿನ ಗೋಡೆ ಮೇಲೆ. ಆ ಗೋಡೆಯ ಹಿಂದೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ನಮ್ಮ ಕಡೆ ಎರೆ ಮಣ್ಣಲ್ಲಿ ಇದು ಇನ್ನೂ ಜಾಸ್ತಿ. ಇಷ್ಟೆಲ್ಲಾ ನಡೀತಿದ್ದರೂ ಮೇಲೆ ಕೂತ ಅಂಗಡಿಕಾರನಿಗೆ ಏನೂ ಕಾಣಿಸೋದಿಲ್ಲ. ಭಾವಿ ತೆರೆದಿದ್ದರೆ ಅಪಾಯ ಕಣ್ಣಿಗೆ ಕಾಣುತ್ತೆ, ಕಟ್ಟೆ ಕಟ್ಟಿ ಜಾಲರಿ ಹಾಕಿ ತಡೀಬಹುದು. ಮುಚ್ಚಿದರೆ ಅಪಾಯ ಹಾಗೇ ಇರುತ್ತೆ, ನಾವು ಮರೀತೀವಿ ಅಷ್ಟೇ.

ಆಸ್ಟ್ರೇಲಿಯಾದ ಸಿಡ್ನಿಯಲ್ಲೂ ಹೀಗೇ ಒಂದು ಕಥೆ ಇದೆ. ಪ್ಯಾಡಿಂಗ್ಟನ್ ಅನ್ನೋ ಕಡೆ 1866ರಲ್ಲಿ ನೆಲದೊಳಗೆ ಒಂದು ನೀರಿನ ತೊಟ್ಟಿ ಕಟ್ಟಿದ್ದರು. ಬಳಕೆ ನಿಂತ ಮೇಲೆ ಅದೇ ಜಾಗದಲ್ಲಿ ಗ್ಯಾರೇಜ್ ನಡೀತು. 1990ರಲ್ಲಿ ಚಾವಣಿಯ ಒಂದು ಭಾಗ ಕುಸಿಯಿತು. ಆಮೇಲೆ ಕೆಡವಿ ಸಪಾಟ ಮಾಡಲಿಲ್ಲ. ಬಿದ್ದ ಭಾಗವನ್ನ ಆಕಾಶಕ್ಕೆ ತೆರೆದೇ ಬಿಟ್ಟು, ಒಳಗೆ ಗಿಡ ಹಾಕಿ, 2009ರಲ್ಲಿ ಉದ್ಯಾನ ಮಾಡಿದರು. ಹಳೇ ಇಟ್ಟಿಗೆ ಕಮಾನುಗಳ ಮಧ್ಯೆ ಜನ ಈಗ ಊಟದ ಡಬ್ಬಿ ಬಿಚ್ಚಿ ಕೂತಿರ್ತಾರೆ. ಅವರ ಹತ್ತಿರ ದುಡ್ಡಿದೆ, ನಮ್ಮ ಹತ್ತಿರ ಇಲ್ಲ, ನಿಜ. ಆದರೆ ಮತ್ತೆ ಮುಚ್ಚದೆ ಇರೋಕೆ ದುಡ್ಡು ಬೇಕಾಗಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ

ಸಿಡ್ನಿ ಬಿಡಿ, ಬೆಳಗಾವಿಗೆ ಬನ್ನಿ. ಟಿಳಕವಾಡಿಯಲ್ಲಿ ವೀರಸೌಧ ಇದೆಯಲ್ಲ, ಅಲ್ಲಿ ಕಾಂಗ್ರೆಸ್ ಭಾವಿ ಅಂತ ಇದೆ. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನ ಇಲ್ಲೇ ನಡೆದದ್ದು. ಅವರು ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತನ. ಬರೋ ಸಾವಿರಾರು ಜನಕ್ಕೆ ನೀರು ಬೇಕಲ್ಲ, ಅದಕ್ಕೆ ಆ ಭಾವಿ ತೋಡಿಸಿದರು. ಪಂಪಾ ಸರೋವರ ಅಂತ ಹೆಸರಿಟ್ಟರು. ಖರ್ಚು 4,370 ರೂಪಾಯಿ 3 ಆಣೆ. ಆ ಮೂರಾಣೆ ಕೂಡ ಲೆಕ್ಕದಲ್ಲಿ ಉಳಿದಿರೋದು ನನಗೆ ಭಾಳ ಇಷ್ಟ ಆಯ್ತು.

ಅಧಿವೇಶನ ಮುಗೀತು. ಮುಂದೆ ನಗರಕ್ಕೆ ರಕ್ಕಸಕೊಪ್ಪ ಜಲಾಶಯದ ನೀರು, ಆಮೇಲೆ ನಮ್ಮ ಹಿಡಕಲ್ ನೀರು ಕೊಳವೆಯಲ್ಲಿ ಬಂತು. ಬೆಳಗಾವಿಯ ಹಳೇ ಭಾವಿಗಳು ನಮ್ಮೂರ ಭಾವಿ ಥರಾನೇ ಮೂಲೆ ಸೇರಿದವು. 1995ರಲ್ಲಿ ಮಳೆ ಕೈಕೊಟ್ಟು ನಗರಕ್ಕೆ ನೀರಿನ ಬರ ಬಂದಾಗ ಜನಕ್ಕೆ ಮತ್ತೆ ಭಾವಿ ನೆನಪಾಯ್ತು. ಕಾಂಗ್ರೆಸ್ ಭಾವಿಯ ಹೂಳು ತೆಗೆದು, ನೀರು ಶುದ್ಧ ಮಾಡಿ, ಮತ್ತೆ ಬಳಕೆಗೆ ತಂದರು. ಆಮೇಲೆ ನಗರದ ಬೇರೆ ಭಾವಿಗಳಿಗೂ ಅದೇ ಕೆಲಸ ನಡೀತು. ಈಗ ಅಲ್ಲಿ ಭಾವಿ ಜೊತೆಗೆ ಉದ್ಯಾನ ಇದೆ, ಸ್ಮಾರಕ ಇದೆ, ಶಾಲೆ ಮಕ್ಕಳು ನೋಡೋಕೆ ಬರ್ತಾರೆ.

ಇನ್ನೊಂದು ವಿಜಯಪುರದ ತಾಜ್ ಬಾವಡಿ. 1620ರ ಹೊತ್ತಿಗೆ, ಎರಡನೇ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ್ದು. ಬಟ್ಟೆ ಒಗೆಯೋದು, ಮೂರ್ತಿ ವಿಸರ್ಜನೆ, ಕಸ ಎಲ್ಲಾ ಸೇರಿ ಗಬ್ಬೆದ್ದು ಹೋಗಿತ್ತು. ಕೆಲವು ವರ್ಷದ ಹಿಂದೆ ನೀರು ಖಾಲಿ ಮಾಡಿ ಹೂಳೆತ್ತಿ ಸ್ವಚ್ಛ ಮಾಡಿದರು. ಇಂಥ ಕೆಲಸದಲ್ಲಿ ಹೂಳೆತ್ತೋ ದಿನ ಎಲ್ಲರೂ ಬರ್ತಾರೆ, ಫೋಟೋ ತೆಗೆಸ್ಕೊಂತಾರೆ. ಮುಂದಿನ ವರ್ಷ ಪಾಚಿ ತೆಗೆಯೋರು ಯಾರು ಅನ್ನೋದೇ ಕಷ್ಟದ ಪ್ರಶ್ನೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ, ಬಂಡವಾಳದ ಖರ್ಚಿಗೆ ರಿಬ್ಬನ್ ಕತ್ತರಿಸ್ತಾರೆ, ನಿರ್ವಹಣೆ ಖರ್ಚಿಗೆ ಯಾರೂ ಹಾರ ಹಾಕಲ್ಲ. ಆದರೆ ಭಾವಿ ಬದುಕೋದು ಎರಡನೇದರ ಮೇಲೆ.

ಧೂಪದಾಳ ಹೇಳೋ ಪಾಠ

ಮನುಷ್ಯ ಕಟ್ಟಿದ ನೀರಿನ ಜಾಗ ಪ್ರಾಣಿ ಪಕ್ಷಿಗಳ ಮನೆ ಆಗಬಹುದಾ? ಇದಕ್ಕೆ ಉತ್ತರ ನಮ್ಮ ಗೋಕಾಕ ತಾಲೂಕಲ್ಲೇ ಇದೆ. ಆಗ ಹೇಳಿದ ಧೂಪದಾಳದ ಒಡ್ಡನ್ನ ಕಟ್ಟಿದ್ದು ಹೊಲಕ್ಕೆ ನೀರು ಹರಿಸೋಕೆ. ಹಕ್ಕಿಗಳ ಯೋಚನೆ ಯಾರಿಗೂ ಇರಲಿಲ್ಲ. ಆದರೆ ಒಡ್ಡಿನ ಹಿಂದೆ ನೀರು ಹರಡಿ ನಿಂತಿತು, ಆಳ ಕಡಿಮೆ ಇರೋ ಕಡೆ ಹೂಳು ಕೂತು ನಡುಗಡ್ಡೆ ಆದವು, ದಂಡೆಗೆ ಜೊಂಡು ಬಂತು. ಕಾಲು ಮುಳುಗಿಸಿ ಬೇಟೆ ಆಡೋ ಹಕ್ಕಿಗೆ ಇದಕ್ಕಿಂತ ಒಳ್ಳೇ ಜಾಗ ಯಾವುದು? 1974ರಲ್ಲಿ ಸರ್ಕಾರ ಅದನ್ನ ಘಟಪ್ರಭಾ ಪಕ್ಷಿಧಾಮ ಅಂತ ಘೋಷಿಸಿತು. ಸುಮಾರು 29.78 ಚದರ ಕಿಲೋಮೀಟರ್. ಚಳಿಗಾಲಕ್ಕೆ ಯುರೋಪಿನ ಬಿಳಿ ಕೊಕ್ಕರೆ, ಡೆಮೊಸೆಲ್ ಕ್ರೇನ್ ಅನ್ನೋ ಕ್ರೌಂಚ ಪಕ್ಷಿ ಇಲ್ಲಿಗೆ ಬರ್ತವೆ.

ಧೂಪದಾಳದಿಂದ ಈಗಲೂ ಕಾಲುವೆಗೆ ನೀರು ಹೋಗುತ್ತೆ. ಕೆಲಸ ಇದೆ, ಅದಕ್ಕೇ ಯಾರಾದರೂ ನೋಡ್ಕೊತಾರೆ. ನೋಡ್ಕೊಳ್ಳೋರು ಇರೋದರಿಂದ ನೀರು ಇದೆ, ನೀರಿರೋದರಿಂದ ಹಕ್ಕಿ ಇವೆ. ನಮ್ಮ ಭಾವಿಗೂ ಈ ಸರಪಳಿಯ ಮೊದಲ ಕೊಂಡಿ ಬೇಕು: ದಿನಾ ಒಂದು ಕೆಲಸ.

ಯಾರ ಭಾವಿ?

ಇಷ್ಟೆಲ್ಲಾ ಓದಿಕೊಂಡು, ಖುಷಿಯಾಗಿ, ಊರಲ್ಲಿ ಒಬ್ಬೊಬ್ಬರಿಗೇ ಹೇಳ್ತಾ ಹೋದೆ. ದಲಿತರ ಕೇರಿಯಲ್ಲಿ ಒಬ್ಬ ಹಿರಿಯರು ಎಲ್ಲಾ ಸಮಾಧಾನವಾಗಿ ಕೇಳಿಸ್ಕೊಂಡರು. ಆಮೇಲೆ ಹೇಳಿದರು: "ತಮ್ಮಾ, ಆ ಭಾವಿ ಅಂದ್ರ ನಿನಗ ಈಜು ಕಲಿತದ್ದು ನೆನಪಾಗತೈತಿ. ನಮ್ಮವ್ವ ಅದರ ಕಟ್ಟಿ ಹತ್ತಿದಾಕಿ ಅಲ್ಲ. ಕೊಡ ಕೆಳಗ ಇಟ್ಟು, ಯಾರರ ನೀರು ಹಾಕ್ತಾರೇನೋ ಅಂತ ಕಾಯ್ತಿದ್ಲು. ಮುಚ್ಚಿದ್ರ ನಮಗೇನ್ ದುಃಖ ಆಗೂದಿಲ್ಲ."

ನನ್ನ ಇಡೀ ಹೋಮ್‌ವರ್ಕ್‌ನಲ್ಲಿ ಈ ಮಾತು ಇರಲೇ ಇಲ್ಲ.

1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾಡದ ಚವದಾರ ಕೆರೆಯ ನೀರು ಮುಟ್ಟಿ ಕುಡಿದದ್ದು ಶಾಲೆಯಲ್ಲಿ ಓದಿದ್ದೆ. ಮಾರ್ಕ್ಸಿಗಾಗಿ ಓದಿದ್ದೆ. ನಾನು ಈಜಿದ ಭಾವಿಗೂ ಅದಕ್ಕೂ ಸಂಬಂಧ ಇದೆ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ. ಸಮುದಾಯದ ಜಾಗ, ಊರ ಜಾಗ ಅಂತ ನಾವು ಸುಲಭಕ್ಕೆ ಅಂತೀವಿ. ಹಳೇ ಭಾವಿ ಎಲ್ಲರದ್ದೂ ಆಗಿರಲಿಲ್ಲ. ಅದನ್ನ ಹಾಗೇ ಹಳೇದರ ಥರ "ಉಳಿಸಿದರೆ" ಆ ಹಳೇ ಗೆರೆಯೂ ಉಳಿಯುತ್ತೆ.

ನಾನು ಅವರನ್ನ ಕೇಳಿದೆ: "ಹಂಗಾದ್ರ ಏನ್ ಮಾಡಿದ್ರ ಅದು ನಿಮ್ದೂ ಆಗತೈತ್ರಿ?" ಅವರು ಸ್ವಲ್ಪ ಹೊತ್ತು ಬಿಟ್ಟು ಅಂದರು: "ಗುಡಿ ಕಡೆಯಿಂದ ಅಷ್ಟ ಬಾಗಿಲಾ ಇಡಬ್ಯಾಡ್ರಿ. ರಸ್ತೆ ಕಡೆಯಿಂದ ಇಡ್ರಿ. ಮತ್ತ ಕೀಲಿ ಒಬ್ಬರ ಮನ್ಯಾಗ ಇರಬಾರದು." ಎಷ್ಟು ಸರಳ ನೋಡಿ. ಬಾಗಿಲು ಯಾವ ಕಡೆ, ಕೀಲಿ ಯಾರ ಹತ್ತಿರ. ಯಾವ ಎಸ್ಟಿಮೇಟ್‌ನಲ್ಲೂ ಈ ಎರಡು ಸಾಲು ಇರೋದಿಲ್ಲ.

ಹಾಗಾದರೆ ಏನು ಮಾಡಬೇಕು?

ನಿಮ್ಮೂರಲ್ಲೂ ಇಂಥ ಭಾವಿ ಇದ್ದರೆ ಕೆಲಸದ ಕ್ರಮ ಹೀಗೆ.

ಮೊದಲು, ದಯವಿಟ್ಟು ಹುಮ್ಮಸ್ಸಲ್ಲಿ ಒಳಗೆ ಇಳೀಬೇಡಿ. ಬಹಳ ದಿನ ಬಿಟ್ಟ ಭಾವಿಯ ತಳದಲ್ಲಿ ವಿಷಗಾಳಿ ನಿಂತಿರಬಹುದು, ಆಮ್ಲಜನಕ ಇಲ್ಲದೆ ಇರಬಹುದು. ಒಬ್ಬ ಬಿದ್ದಾಗ ಎತ್ತೋಕೆ ಇಳಿದ ಇನ್ನೊಬ್ಬನೂ ಸಾಯ್ತಾನೆ. ದೀಪ ಇಳಿಬಿಟ್ಟು ನೋಡೋ ಹಳೇ ಪದ್ಧತಿ ಒಂದನ್ನೇ ನಂಬಬೇಡಿ, ದೀಪ ಉರಿದರೂ ವಿಷಗಾಳಿ ಇರಬಹುದು. ಗಾಳಿ ಪರೀಕ್ಷೆ ಮಾಡೋ ಉಪಕರಣ, ಸೊಂಟಕ್ಕೆ ಹಗ್ಗ, ಮೇಲೆ ಜನ, ಈ ಮೂರೂ ಇರಲೇಬೇಕು. ಕಸುಬು ಗೊತ್ತಿರೋರನ್ನೇ ಕರೀರಿ. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿ ಹೂಳು ತುಂಬಿದ್ದ ಏಳು ಹಳೇ ಭಾವಿಗಳಿಗೆ ಜೀವ ಕೊಟ್ಟದ್ದು ತಲೆಮಾರಿನಿಂದ ಭಾವಿ ತೋಡೋ ಮಣ್ಣು ಒಡ್ಡರು. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಎರಡನೇದು, ಚರಂಡಿ ತಿರುಗಿಸೋದು. ಬಚ್ಚಲ ನೀರು ಒಳಗೆ ಬರ್ತಿದ್ದರೆ ಎಷ್ಟು ಹೂಳೆತ್ತಿದರೂ ವ್ಯರ್ಥ.

ಮೂರನೇದು, ಗೋಡೆಯಲ್ಲಿ ಹುಟ್ಟಿದ ಆಲ, ಅರಳಿ ಸಸಿಗಳನ್ನ ಸಣ್ಣದಿದ್ದಾಗಲೇ ತೆಗೆಯೋದು. ಬೇರು ದಪ್ಪ ಆದ ಮೇಲೆ ಕಿತ್ತರೆ ಕಲ್ಲೂ ಜೊತೆಗೆ ಬರುತ್ತೆ. ಗೋಡೆಯಿಂದ ದೂರ ಬೇವು, ಹೊಂಗೆ ಹಾಕಿ. ಯಾವ ಗಿಡ ಎಲ್ಲಿ ಅಂತ ಕೇಳೋಕೆ ನಮಗೆ ಅರಭಾವಿಯಲ್ಲೇ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ.

ನಾಲ್ಕನೇದು, ಎದೆಮಟ್ಟದ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಮೆಟ್ಟಿಲಿಗೆ ಗೇಟು. ಮಕ್ಕಳು ಬಗ್ಗಿ ನೋಡಬೇಕು, ಬೀಳಬಾರದು.

ಐದನೇದು, ಮಳೆ ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು, ಒಂದು ದಿನ 20 ಮಿಲಿಮೀಟರ್ ಮಳೆ ಬಂದರೆ 2,000 ಲೀಟರ್. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಉಳಿದದ್ದನ್ನ ಜಲ್ಲಿ ಮರಳಿನ ಮೂಲಕ ಭಾವಿಗೆ ಇಳಿಸಬಹುದು.

ಆ ನೀರು ಕುಡಿಯೋಕೆ ಬರುತ್ತಾ? ಪರೀಕ್ಷೆ ಆಗದೆ ಒಂದು ಗುಟುಕೂ ಬೇಡ. ಕಬ್ಬಿನ ನಾಡು ನಮ್ಮದು, ಹೊಲಕ್ಕೆ ಹಾಕಿದ ಗೊಬ್ಬರ ನೆಲದೊಳಗಿನ ನೀರಿಗೂ ಇಳಿದಿರುತ್ತೆ. ಕಾಲುವೆ ಕೆಳಗೆ ಸವಳು ಜವಳು ಸಮಸ್ಯೆ ಬೇರೆ ಇದೆ. ಆದರೆ ಗಿಡಕ್ಕೆ ಹಾಕೋಕೆ, ಶಾಲೆಯ ಶೌಚಾಲಯಕ್ಕೆ, ಗುಡಿ ಅಂಗಳ ತೊಳೆಯೋಕೆ ಸಾಕು. ದಿನಾ ಬೇಕಾದ ಕೆಲಸ ಅಂದೆನಲ್ಲ, ಅದು ಇದೇ. ಒಂದು ಸಣ್ಣ ಮೋಟಾರು ದಿನಾ ಓಡಿದರೆ, ಅದು ಕೆಟ್ಟ ದಿನ ಯಾರಾದರೂ ಬಂದು ಕೇಳ್ತಾರೆ.

ಗ್ರಾಮಸಭೆಗೆ ನಾನು ತಗೊಂಡು ಹೋಗೋದು

ಕಾಕಾನಿಗೆ ಬಾಡಿಗೆ ದುಡ್ಡಿನ ಚಿಂತೆ. ಅದು ನ್ಯಾಯವಾದ ಚಿಂತೆ, ಪಂಚಾಯ್ತಿಗೆ ಆದಾಯ ಬೇಕು. ಅದಕ್ಕೆ ನಾನು ಹೇಳೋದು: ಅಂಗಡಿ ಕಟ್ಟಿ, ಆದರೆ ಭಾವಿ ಮೇಲೆ ಬೇಡ. ರಸ್ತೆಗೆ ಹತ್ತಿದ ಖಾಲಿ ಪಟ್ಟಿಯಲ್ಲಿ ನಾಲ್ಕರ ಬದಲು ಎರಡು ಕಟ್ಟೋಣ. ಆ ಎರಡರಲ್ಲಿ ಒಂದರ ಬಾಡಿಗೆ ಭಾವಿ ನಿರ್ವಹಣೆಗೆ ಅಂತ ಠರಾವು ಬರೆಸೋಣ. ಬಾಗಿಲು ರಸ್ತೆ ಕಡೆ. ಕೀಲಿ ಮೂರು: ಒಂದು ಶಾಲೆಯಲ್ಲಿ, ಒಂದು ಪಂಚಾಯ್ತಿಯಲ್ಲಿ, ಒಂದು ಆ ಹಿರಿಯರ ಕೇರಿಯಲ್ಲಿ. ಖರ್ಚಿನ ಲೆಕ್ಕ ಪ್ರತಿ ತಿಂಗಳು ಗೋಡೆ ಮೇಲೆ, ಮೂರಾಣೆ ಬಿಡದ ಹಾಗೆ. ಆ ಲೆಕ್ಕ ಬರೆಯೋ ಕೆಲಸ ನಾನು ಮಾಡ್ತೀನಿ, ಬಿಕಾಂ ಅದಕ್ಕಾದರೂ ಉಪಯೋಗ ಆಗಲಿ.

ಮೊನ್ನೆ ಇದನ್ನ ಕಾಕಾನ ಮುಂದೆ ಓದಿದೆ. ಅವರು ಒಪ್ಪಿದೆ ಅನ್ನಲಿಲ್ಲ. "ಎರಡು ಅಂಗಡಿಯಿಂದ ಏನಾಗತೈತೋ?" ಅಂದರು. ಆಮೇಲೆ, "ಇಂದೋರದ್ದು ಖರೇನಾ?" ಅಂತ ಕೇಳಿದರು. ಖರೇ ಅಂದೆ. ಸುಮ್ಮನಾದರು.

ಠರಾವು ಬೀಳಲೂಬಹುದು. ಏನಾದರೂ ಆಗಲಿ, ಏನಾಯ್ತು ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಅಲ್ಲಿವರೆಗೆ ನಿಮಗೊಂದು ಕೆಲಸ: ನಿಮ್ಮೂರ ಹಳೇ ಭಾವಿ ಹತ್ತಿರ ಹೋಗಿ, ದೂರ ನಿಂತು ನೋಡಿ. ಆಮೇಲೆ ಊರಲ್ಲಿ ಇಬ್ಬರು ಹಿರಿಯರನ್ನ ಕೇಳಿ, ಆ ಭಾವಿಯಿಂದ ನೀರು ಎತ್ತಿದ ಒಬ್ಬರನ್ನ, ಎತ್ತೋಕೆ ಬಿಡದ ಒಬ್ಬರನ್ನ. ಇಬ್ಬರ ಮಾತೂ ಕೇಳಿದ ಮೇಲೆ ಬಾಗಿಲು ಯಾವ ಕಡೆ ಇಡಬೇಕು ಅಂತ ನಿಮಗೇ ಗೊತ್ತಾಗುತ್ತೆ.

ಬರ್ತೀನ್ರಿ. ಸಿಗೋಣ.